ಆಗದೆ ಹೋದ ಅಪಘಾತ

ಗೆಳೆಯರೊಬ್ಬರ ಹೊಸ ಕಾರಿನಲ್ಲಿ ಹೋಗುತ್ತಿದ್ದೆ. ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಇವರ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಕಾರು ತಾನಾಗಿ ನಿಂತುಬಿಟ್ಟಿತು. “ನೋಡಿದಿರಾ, ಇಬ್ಬರ ಪ್ರಾಣ ಉಳಿಸಿತು!” ಎಂದರು. ಉಳಿಸಿರಬಹುದು. ಆದರೆ ಇನ್ನೊಂದು ಗಳಿಗೆಯಲ್ಲಿ ಇವರೇ ಬ್ರೇಕು ಒತ್ತುತ್ತಿದ್ದರೋ ಏನೋ! ನಡೆದುದಕ್ಕೆ ಸಾಕ್ಷಿ ಸಿಕ್ಕೀತು. ನಡೆಯದೆ ಹೋದುದಕ್ಕೆ ಸಾಕ್ಷಿ ಹೇಳುವವರು ಯಾರು?

ಒಂದು ಕಾರಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಬಹಳ ಕಾರುಗಳನ್ನು ಒಟ್ಟಿಗೆ ನೋಡಿದರೆ ಉಂಟು. ಅಮೆರಿಕದಲ್ಲಿ ವಿಮಾ ಕಂಪೆನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದಿದೆ. ಈ ಸಲಕರಣೆಯಿರುವ ಕಾರುಗಳನ್ನು, ಅದಿಲ್ಲದ ಅದೇ ಮಾದರಿಯ ಕಾರುಗಳೊಡನೆ ಅದು ಹೋಲಿಸಿ ನೋಡಿತು. 2017ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಬರಿಯ ಎಚ್ಚರಿಕೆ ಕೊಡುವ ಕಾರುಗಳು ಮುಂದಿನ ವಾಹನಕ್ಕೆ ಗುದ್ದಿ ಗಾಯವಾಗುವ ಪ್ರಸಂಗಗಳು ಶೇಕಡ 20ರಷ್ಟು ಕಡಮೆಯಾಗಿದ್ದವು; ಎಚ್ಚರಿಸಿ ತಾವೇ ಬ್ರೇಕು ಹಾಕುವ ಕಾರುಗಳಲ್ಲಿ 56ರಷ್ಟು. ಮಾತಿನಿಂದ ಎಚ್ಚರಿಸುವುದೇ ಕಸುಬಾಗಿರುವ ನನ್ನಂಥ ಮೇಷ್ಟರಿಗೆ ಇದೇನೂ ಹಿತವಾದ ಸುದ್ದಿಯಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ತಾವೇ ಬ್ರೇಕು ಹಾಕುವ ಆ ಕಾರುಗಳಿಗೆ ಹಿಂದಿನವರು ಬಂದು ಗುದ್ದುವುದು ಶೇಕಡ 20ರಷ್ಟು ಹೆಚ್ಚಿತ್ತು. ಒಟ್ಟಿನಲ್ಲಿ ಲಾಭವೇ ಸರಿ. ಆದರೆ ಲಾಭ ಒಬ್ಬನದು, ನಷ್ಟ ಇನ್ನೊಬ್ಬನದು ಆದಾಗ ಕೂಡಿ ಕಳೆಯುವ ಅಧಿಕಾರ ಯಾರಿಗಿದೆ?

ಪಾದಚಾರಿಗಳ ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ಅವರನ್ನು ಗುರುತಿಸಿ ನಿಲ್ಲುವ ಕಾರುಗಳಿಂದ ಅಂಥ ಅಪಘಾತಗಳು ಶೇಕಡ 27ರಷ್ಟು ತಗ್ಗಿವೆಯೆಂದು ಅದೇ ಸಂಸ್ಥೆ 2022ರಲ್ಲಿ ತಿಳಿಸಿತು. ಬೀದಿದೀಪವಿಲ್ಲದ ಕತ್ತಲೆಯಲ್ಲಿ ಮಾತ್ರ ಏನೊಂದೂ ವ್ಯತ್ಯಾಸ ಕಾಣಲಿಲ್ಲವಂತೆ. ಅಮೆರಿಕದಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಪಾದಚಾರಿಗಳಲ್ಲಿ ಮುಕ್ಕಾಲುಪಾಲು ಸಾಯುವುದು ಕತ್ತಲಾದ ಮೇಲೆಯೇ! ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯ ಮೇಲೆ ಸತ್ತ 1,68,491 ಜನರಲ್ಲಿ 32,825 ಮಂದಿ ಕಾಲುನಡಿಗೆಯವರು. ನಮ್ಮ ಹಳ್ಳಿಗಳ ಅಂಚಿನ ಹೆದ್ದಾರಿಯಲ್ಲಿ ದೀಪ ಎಷ್ಟಿರುತ್ತದೆಂಬುದನ್ನು ಓದುಗರೇ ಬಲ್ಲರು.

ಇಂಥ ಸಲಕರಣೆ ಬೇಡವೆಂದು ನಾನು ಹೇಳುತ್ತಿಲ್ಲ. ಉಳಿದ ಒಂದು ಜೀವವೂ ಕಡಮೆಯಲ್ಲ. ಅದರ ಬೆಲೆಕಟ್ಟುವಾಗ ಕಾರಿನೊಳಗೆ ಕುಳಿತವನನ್ನು ಮಾತ್ರವಲ್ಲ, ದೀಪವಿಲ್ಲದ ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುವವನನ್ನೂ ಕೇಳಬೇಕು. ಕಾರಿಗೆ ಹಣ ಕೊಟ್ಟವನು ಅವನಲ್ಲ, ನಿಜ. ಅದರ ಮುಂದೆ ನಡೆಯುವವನು ಅವನು.

ಗೆಳೆಯರಿಗೆ ಇಷ್ಟನ್ನೂ ಹೇಳಿದೆ. “ಹಾಗಾದರೆ ರಾತ್ರಿ ಹೊತ್ತು ನಾನೇ ನೋಡಿಕೊಳ್ಳಬೇಕು ಅನ್ನಿ” ಎಂದರು, ಸ್ವಲ್ಪ ಬೇಸರದಿಂದಲೇ.