ಪಟ್ಟಿಗೆ ಉತ್ತರ ಹೇಳುವವರು ಯಾರು?



2025ರ ಹತ್ತಿ ಸುಗ್ಗಿಯಲ್ಲಿ ಕೌತಾಳಂ ಕಡೆಯ ವೃದ್ಧ ರೈತರೊಬ್ಬರು ಮಠದ ಕಚೇರಿಗೆ ಬಂದು ನನ್ನ ಮುಂದೆ ಒಂದು ಪಟ್ಟಿ ಇಟ್ಟರು. "ಇದನ್ನೊಂದಿಷ್ಟು ಓದಿ ಹೇಳ್ರಿ, ನನಗ್ಯಾಕೋ ಲೆಕ್ಕ ಕೂಡವಲ್ದು" ಎಂದರು. ಆದೋನಿಯ ಅಡತಿ ಅಂಗಡಿಯೊಂದರ ಪಟ್ಟಿ ಅದು. 7 ಕ್ವಿಂಟಲ್ 40 ಕಿಲೊ ಹತ್ತಿ, ಕ್ವಿಂಟಲಿಗೆ 7,150ರಂತೆ 52,910 ರೂಪಾಯಿ. ಅಲ್ಲಿಯವರೆಗೆ ಸರಿ. ಕೆಳಗೆ ಹಮಾಲಿ ಎಂದು 222 ರೂಪಾಯಿ ಕಡಿತ. ಅದರ ಕೆಳಗೆ 'ಇತರೆ' ಎಂದು ಮತ್ತೆ 222.

"ಅಂಗಡ್ಯಾಗ ಕೇಳಲಿಲ್ಲೇನು ತಾತ?" ಎಂದೆ.

"ಕೇಳ್ದೆ. ಕಂಪ್ಯೂಟರ್ ಹಾಕೇತಿ, ನಾನೇನು ಮಾಡ್ಲಿ ಅಂದ ಹುಡುಗ."

ಬೆಂಬಲ ಬೆಲೆ ಉದ್ದ ಎಳೆಯ ಹತ್ತಿಗೆ 8,110 ಇರುವಾಗ 7,150ಕ್ಕೆ ಏಕೆ ಮಾರಿದರು ಎಂದು ತಾವು ಕೇಳಬಹುದು. ಭಾರತೀಯ ಹತ್ತಿ ನಿಗಮಕ್ಕೆ ಹಾಕಬೇಕಾದರೆ ಆ ವರ್ಷ 'ಕಪಾಸ್ ಕಿಸಾನ್' ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, ದಿನ ಗೊತ್ತುಮಾಡಿಕೊಳ್ಳಬೇಕಿತ್ತು. ತಾತನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು.

ಆ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಗುಮಾಸ್ತರಿದ್ದರು. 1953ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ ಅವರ ಕಿರ್ದಿ, ಖಾತೆಗಳು ಮಾತ್ರ ಕನ್ನಡದಲ್ಲೇ ಉಳಿದಿದ್ದವು. ಈಗ ತೂಕದ ಚೀಟಿಯ ಫೋಟೊ ಹಿಡಿದರೆ ತಾನೇ ಓದಿ ಪಟ್ಟಿ ತಯಾರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಂದಿದೆ. ಅದರ ತಿಂಗಳ ಬಾಡಿಗೆ ಗುಮಾಸ್ತರ ಸಂಬಳಕ್ಕಿಂತ ಎಷ್ಟೋ ಕಡಿಮೆ. ಮಾಲೀಕರು ಗುಮಾಸ್ತರಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಕೆಟ್ಟವರಲ್ಲ, ಮಠದ ದಾಸೋಹಕ್ಕೆ ಪ್ರತಿವರ್ಷ ಜೋಳ ಕೊಡುವವರು.

ನಾನು ಬಿ.ಕಾಂ. ಓದುವಾಗ ಟ್ಯಾಲಿ ಕಲಿತರೆ ಕೆಲಸ ಸಿಗುತ್ತದೆ ಎನ್ನುತ್ತಿದ್ದರು. ಗಿರಣಿಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿ ತಮ್ಮ ಲೆಕ್ಕಕ್ಕೆ ಸರಿಯಾದ ತಂತ್ರಾಂಶ ಸಿಗದೆ, ಮಗ ಭರತ್ ಅವರಿಂದ ಬರೆಸಿದ್ದು ಅದು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬೇಡವೆಂದು ಕುಳಿತಿದ್ದ ನಮ್ಮ ವರ್ತಕರೂ 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಕಂಪ್ಯೂಟರ್ ಇಡಬೇಕಾಯಿತು. ಆದರೆ ಒಮ್ಮೆ ಹಣ ಕೊಟ್ಟು ತಂದು ಇಟ್ಟುಕೊಳ್ಳುವ ಕಾಲ ಹೋಗುತ್ತಿದೆ. ಇಂದು ತಂತ್ರಾಂಶಕ್ಕೆ ಬಹುಪಾಲು ಬಾಡಿಗೆ. ಬಾಡಿಗೆಯ ಮನೆಯಂತೆ ಅದೂ ಏರುತ್ತದೆ. ಮೈಕ್ರೋಸಾಫ್ಟ್ ಕಂಪನಿಯು ತನ್ನ 365 ಯೋಜನೆಗೆ ಕೃತಕ ಬುದ್ಧಿಮತ್ತೆ ಸೇರಿಸಿ ದರ ಏರಿಸಿತು. ಅದಿಲ್ಲದ ಹಳೆಯ ದರದ ಯೋಜನೆಯೂ ಉಂಟೆಂಬುದನ್ನು ಗ್ರಾಹಕರಿಗೆ ಮರೆಮಾಚಿತೆಂದು ಆರೋಪಿಸಿ, 2025ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು. ನಮ್ಮ ವರ್ತಕರು ಬಿಲ್ಲನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಇದು ಹಣದ ಮಾತಾಯಿತು. ನನ್ನನ್ನು ಕಾಡಿದ್ದು "ಕಂಪ್ಯೂಟರ್ ಹಾಕೇತಿ" ಎಂಬ ಆ ಹುಡುಗನ ಮಾತು. ಯಂತ್ರಕ್ಕೆ ಬಾಡಿಗೆ ಕೊಟ್ಟವನು ತನ್ನ ಜವಾಬ್ದಾರಿಯನ್ನೂ ಅದಕ್ಕೆ ಒಪ್ಪಿಸಬಹುದೇ?

ಕೆನಡಾ ದೇಶದಲ್ಲಿ ಈ ಜಿಜ್ಞಾಸೆ ನ್ಯಾಯಮಂಡಳಿಯವರೆಗೆ ಹೋಯಿತು. ಏರ್ ಕೆನಡಾ ವಿಮಾನ ಕಂಪನಿಯ ಯಂತ್ರವು, ಮನೆಯಲ್ಲಿ ಸಾವಾಗಿದ್ದ ಒಬ್ಬ ಪ್ರಯಾಣಿಕನಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಹೇಳಿತ್ತು. ಆ ಯಂತ್ರ ಪ್ರತ್ಯೇಕ ವ್ಯಕ್ತಿಯಿದ್ದಂತೆ, ಅದರ ಮಾತಿಗೆ ಅದೇ ಹೊಣೆ ಎಂಬಂತೆ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿ, ಕಂಪನಿಯೇ ಹಣ ಕೊಡಬೇಕೆಂದು ತೀರ್ಪಿತ್ತಿತು.

ಅಷ್ಟು ದೂರ ಹೋಗುವುದೂ ಬೇಡ. ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದು, ಮುಂದೆ ಬಿಜ್ಜಳನ ಭಂಡಾರಿಯಾದವರು. ಭಂಡಾರದ ಹಣ ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹುಟ್ಟಿದಾಗ, ಅವರು ಭಂಡಾರದ ಮುಂದೆ ನಿಂತು ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಕೈಕೆಳಗಿನ ಬರಹಗಾರರತ್ತ ಬೆರಳು ತೋರಿಸಲಿಲ್ಲ.

ಹಾಗೆಂದು ಹಳೆಯ ಗುಮಾಸ್ತರೆಲ್ಲ ಸತ್ಯಸಂಧರೆಂದು ನಾನು ಹೇಳಲಾರೆ. ಕಿರ್ದಿಯಲ್ಲಿ ಅಂಕಿ ಕೆರೆದು ತಿದ್ದಿದ ಹಾಳೆಗಳನ್ನು ನಾನೇ ಕಂಡಿದ್ದೇನೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮವಿದೆ. ಕೆಂಪು ಬಟ್ಟೆಯ ಪುಸ್ತಕಕ್ಕೆ ಆ ಶಕ್ತಿ ಇರಲಿಲ್ಲ. ಆದರೆ ಗುಮಾಸ್ತರು ತಪ್ಪಿದರೆ ಅವರನ್ನು ಎದುರು ನಿಲ್ಲಿಸಿ ಕೇಳಬಹುದಿತ್ತು. ಕೈಬರಹದ ಚೀಟಿಯಲ್ಲಿ ಹಮಾಲಿಯ ಅಂಕಿ ಎರಡು ಕಡೆ ಕಂಡರೆ ಈ ಯಂತ್ರ ಅನುಮಾನ ಪಡದೆ ಎರಡನ್ನೂ ಕಳೆದುಬಿಡುತ್ತದೆ.

ಮಾಲೀಕರಿಗೆ ಫೋನ್ ಮಾಡಿದೆ. ಸಂಜೆಯೇ ಬಂದರು, ತಾತನ ಕೈಗೆ 222 ರೂಪಾಯಿ ಕೊಟ್ಟು ತಪ್ಪಾಯಿತೆಂದರು. ಆಮೇಲೆ ನನ್ನೊಡನೆ ಒಬ್ಬರೇ ಕುಳಿತು, "ಕೇಳಿದವರಿಗೆ ಕೊಟ್ಟೆ. ಕೇಳದವರು ಇನ್ನೆಷ್ಟು ಮಂದಿ ಅದಾರೋ. ಅವರಿಗೂ ಕೊಡಬೇಕೇನ್ರಿ?" ಎಂದರು. ಅವರ ಕಣ್ಣಲ್ಲಿ ಉತ್ತರ ಆಗಲೇ ಇತ್ತು, ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೆ. ಕೊಡಬೇಕು ಎಂದೆ.

ವಿಚಿತ್ರವೆಂದರೆ, ಎರಡು ಬಾರಿ ಕಡಿತವಾದ ಪಟ್ಟಿಗಳನ್ನು ಆ ತಂತ್ರಾಂಶವೇ ಕ್ಷಣದಲ್ಲಿ ಹುಡುಕಿ ಕೊಟ್ಟಿತು. ಮೂವತ್ತೊಂದು ಪಟ್ಟಿ. ಆದರೆ ಯಾವ ಊರಿನ ಯಾವ ಹೆಸರಿನವರು ಯಾರೆಂದು ಗುರುತಿಸಲು ಹಳೆಯ ಗುಮಾಸ್ತರನ್ನೇ ಕರೆಸಬೇಕಾಯಿತು. ಹದಿನೈದು ದಿನ ಬಂದು ಕುಳಿತರು, ಸಂಬಳವನ್ನೂ ಪಡೆದರು. ಇಪ್ಪತ್ತೇಳು ಮಂದಿಗೆ ಹಣ ಮುಟ್ಟಿದೆ. ಉಳಿದ ನಾಲ್ವರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿದ್ದಾರೆ. ಅವರ ಹಣವನ್ನು ಲಕೋಟೆಗಳಲ್ಲಿ ಹಾಕಿ, ಮೇಲೆ ಕನ್ನಡದಲ್ಲಿ ಹೆಸರು ಬರೆದು, ಗಲ್ಲಾಪೆಟ್ಟಿಗೆಯಲ್ಲಿ ಇಡಲಾಗಿದೆ.