ಎರಡನೆಯ ಕೊಡದ ನೀರು

ಮೊನ್ನೆ ಭಾನುವಾರ ಊಟವಾದ ಮೇಲೆ ಮೊಮ್ಮಗಳು ತಲೆಯೆತ್ತದೆ ಒಂದು ಇಂಗ್ಲಿಷ್ ಕಾದಂಬರಿ ಓದುತ್ತಿದ್ದಳು. ಏನದು ಎಂದು ಕೇಳಿದೆ. "ತೋಳವಾಗುವ ಗಂಡು ಹೆಣ್ಣಿನ ಕಥೆ ಅಜ್ಜಾ. ಇಬ್ಬರೂ ಸೇರಿ ಕೊಲೆಗಾರರನ್ನು ಹುಡುಕ್ತಾರೆ" ಎಂದಳು. ಕೆನಡಾದ ಲೇಖಕಿ ಕೆಲ್ಲಿ ಆರ್ಮ್‌ಸ್ಟ್ರಾಂಗ್ ಬರೆದ, 2009ರಲ್ಲಿ ಪ್ರಕಟವಾದ 'ಫ್ರಾಸ್ಟ್‌ಬಿಟನ್' ಅದು. ಎಲೆನಾ ಮತ್ತು ಕ್ಲೇಟನ್ ಎಂಬ ಜೋಡಿ ಅಲಾಸ್ಕಾದ ಹಿಮದಲ್ಲಿ ಕೊಲೆಗಾರರ ಜಾಡು ಹಿಡಿಯುತ್ತದೆ. ಈ ವಯಸ್ಸಿನಲ್ಲಿ ನನಗೇಕೆ ಇಂಥ ಪುಸ್ತಕ ಎಂದು ನಗುತ್ತಲೇ ಕೈಗೆತ್ತಿಕೊಂಡವನು ಎರಡು ದಿನದಲ್ಲಿ ಮುಗಿಸಿದೆ. ಆಮೇಲೆ ಒಂದು ಪ್ರಶ್ನೆ ಬಿಡದೆ ಕಾಡತೊಡಗಿತು. ಕೊಲೆಗಾರನನ್ನು ಹಿಡಿಯುವುದಕ್ಕಾಗಿ ಮನುಷ್ಯ ಮೃಗವಾಗಬಹುದೇ? ಆದರೆ, ಮರಳಿ ಮನುಷ್ಯನಾಗುವ ದಾರಿ ಯಾವುದು?

ಈ ಪ್ರಶ್ನೆಗೆ ಅಲಾಸ್ಕಾದವರೆಗೆ ಹೋಗಬೇಕಿಲ್ಲ. ನನ್ನ ಮಟ್ಟಿಗೆ ಅದು ಡೊಂಬಿವಲಿಯ ಒಂದು ಚಾಳಿನ ಅಂಗಳದಲ್ಲೇ ಹುಟ್ಟಿತ್ತು.

1968ರ ಮಳೆಗಾಲ. ಮುಂಬಯಿಯ ಉಪನಗರಗಳಲ್ಲಿ ರಾತ್ರಿ ಮಲಗಿದ ಬಡಜನರ ತಲೆಗೆ ಹೊಡೆದು ಕೊಲ್ಲುವವನೊಬ್ಬ ತಿರುಗುತ್ತಿದ್ದ ಕಾಲ. ಆ ಆಗಸ್ಟಿನಲ್ಲಿ ಸೆರೆಸಿಕ್ಕ ರಾಮನ್ ರಾಘವನ ಹೆಸರನ್ನು ಹಿರಿಯ ವಾಚಕರು ಮರೆತಿರಲಾರರು. ಕೊಲೆ ನಡೆದದ್ದು ದೂರದಲ್ಲಾದರೂ ಭಯ ಲೋಕಲ್ ಗಾಡಿ ಹತ್ತಿ ನಮ್ಮವರೆಗೂ ಬಂದಿತ್ತು. ಚಾಳಿನ ಗಂಡಸರು ಸರದಿಯ ಮೇಲೆ ಗಸ್ತು ತಿರುಗುತ್ತಿದ್ದರು. ನನ್ನ ತಂದೆ ಗುಮಾಸ್ತರು, ಇರುವೆ ಕಂಡರೂ ಬದಿಗೆ ಸರಿದು ನಡೆಯುವ ಸ್ವಭಾವ. ಅವರ ಕೈಗೂ ಒಂದು ದೊಣ್ಣೆ ಬಂತು.

ಒಂದು ರಾತ್ರಿ "ಸಿಕ್ಕಿದ, ಸಿಕ್ಕಿದ" ಎಂಬ ಕೂಗಿಗೆ ಎಚ್ಚರವಾಯಿತು. ಕಟಕಟೆಯಿಂದ ಇಣುಕಿದೆ. ಹತ್ತಾರು ಜನರ ನಡುವೆ ಒಬ್ಬ ಹುಡುಗ, ಕಂಕುಳಲ್ಲಿ ಬಟ್ಟೆಯ ಗಂಟು. ಅವನ ಮೇಲೆ ದೊಣ್ಣೆ ಎತ್ತಿದ್ದವರು ನನ್ನ ತಂದೆ. ಆ ಮುಖ ನನಗೆ ಗುರುತು ಸಿಗಲಿಲ್ಲ. "ಅಯ್ಯೋ ಅಮ್ಮಾ, ನಾನು ಕಳ್ಳ ಅಲ್ಲ, ಅಕ್ಕನ ಮನೆ ಹುಡುಕ್ತಿದ್ದೆ" ಎಂದು ಆ ಹುಡುಗ ಕನ್ನಡದಲ್ಲಿ ಅತ್ತ. ಅಷ್ಟರಲ್ಲಿ ನನ್ನ ತಾಯಿ ತಂಬಿಗೆ ಹಿಡಿದು ಮೆಟ್ಟಿಲಿಳಿದು, ಗುಂಪನ್ನು ಸೀಳಿಕೊಂಡು ಹೋಗಿ ನಿಂತಳು. "ಮೊದಲು ನೀರು ಕುಡಿಯಪ್ಪಾ. ಯಾವ ಊರು ನಿಂದು?" ತಂದೆಯವರ ಕೈ ಇಳಿಯಿತು. ಹುಡುಗ ಕುಂದಾಪುರದ ಕಡೆಯವನು, ಹೋಟೆಲ್ ಕೆಲಸಕ್ಕೆಂದು ಬಂದವನು, ಕೊನೆಯ ಗಾಡಿಯಲ್ಲಿ ಇಳಿದು ದಾರಿ ತಪ್ಪಿದ್ದ.

ಆ ನೀರಿನ ನೆನಪಾದಾಗಲೆಲ್ಲ ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಒಂದು ಜನಪದ ಕಥೆ ಮನಸ್ಸಿಗೆ ಬರುತ್ತದೆ. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಚಿತ್ರವಾಗಿಸಿದ್ದು ಅದನ್ನೇ. ಹೂವಿನ ಮರವಾಗಬಲ್ಲ ಹುಡುಗಿಯೊಬ್ಬಳ ಕಥೆ. ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನಾದಿನಿ ಮತ್ತವಳ ಗೆಳತಿಯರು ಮೋಜಿಗಾಗಿ ಅವಳನ್ನು ಮರವಾಗಿಸಿ, ಕೊಂಬೆಗಳನ್ನು ಮುರಿದು, ಎರಡನೆಯ ಕೊಡವನ್ನು ಬೇಕಾಬಿಟ್ಟಿ ಸುರಿದು ಹೋಗುತ್ತಾರೆ. ಆಕೆ ಅತ್ತ ಮರವೂ ಅಲ್ಲದೆ ಇತ್ತ ಮನುಷ್ಯಳೂ ಅಲ್ಲದೆ ಉಳಿಯುತ್ತಾಳೆ. ನಮ್ಮ ಹಿರಿಯರು ಕಂಡ ಸತ್ಯ ಇದು: ರೂಪ ಬದಲಾಗುವುದು ಅಪಾಯವಲ್ಲ, ಮರಳಿ ಕರೆತರುವವರು ಇಲ್ಲದಿರುವುದು ಅಪಾಯ.

ಆ ಇಂಗ್ಲಿಷ್ ಕಾದಂಬರಿಯಲ್ಲಿ ತೋಳ ಒಂಟಿಯಲ್ಲ, ಜೋಡಿ. ಒಬ್ಬರು ಮೃಗತ್ವದಲ್ಲಿ ಕಳೆದುಹೋಗದಂತೆ ಇನ್ನೊಬ್ಬರು ಕಾಯುತ್ತಾರೆ ಎಂದು ನಾನು ಅದನ್ನು ಓದಿಕೊಂಡೆ. ಗುಂಪಿನಲ್ಲಾದರೋ ನೂರು ಜನರಿದ್ದರೂ ಕೊಡ ಹಿಡಿದು ನಿಂತವರಿರುವುದಿಲ್ಲ. ಪ್ರತಿಯೊಬ್ಬನೂ ಪಕ್ಕದವನ ಮೇಲೆ ಮೊದಲ ಕೊಡವನ್ನೇ ಸುರಿಯುತ್ತಿರುತ್ತಾನೆ.

ಹಾಗಾದಾಗ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅದೇ ತಿಂಗಳ ಮೊದಲ ದಿನ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಗೋಸಾವಿ ಸಮುದಾಯದ ಐವರು ಇಂಥದೇ ವದಂತಿಗೆ ಬಲಿಯಾದರು. 2014ರಲ್ಲಿ ನಮ್ಮ ಠಾಣೆಯಿಂದ ಬೇರೆಯಾದ ಪಾಲ್ಘರ್ ಜಿಲ್ಲೆಯ ಗಡಚಿಂಚಲೆಯಲ್ಲಿ 2020ರ ಏಪ್ರಿಲ್ 16ರ ರಾತ್ರಿ, ಅಂತ್ಯಕ್ರಿಯೆಗೆಂದು ಸೂರತ್ತಿಗೆ ಹೊರಟಿದ್ದ ಇಬ್ಬರು ಸಾಧುಗಳೂ ಅವರ ಚಾಲಕನೂ ಪೊಲೀಸರ ಎದುರಿಗೇ ಹತರಾದರು. ಹೊಡೆದವರೂ ತಾವು ಮಕ್ಕಳನ್ನು, ಊರನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು. ಕೊಲೆಗಾರನನ್ನು ಹುಡುಕುತ್ತ ಹೊರಟವರಿಗೆ ಕೊನೆಗೆ ಸಿಕ್ಕವರು ತಾವೇ.

"ಪೊಲೀಸರು ಬರುವಷ್ಟರಲ್ಲಿ ಮಗುವಿನ ಗತಿಯೇನು?" ಎಂದು ಯಾರಾದರೂ ಕೇಳಬಹುದು. ಭಯ ಸುಳ್ಳಲ್ಲ, ರಾಮನ್ ರಾಘವನೂ ಸುಳ್ಳಾಗಿರಲಿಲ್ಲ. ಕಾವಲು ಬೇಕು, ಓಡಿಬರುವವನನ್ನು ತಡೆದು ನಿಲ್ಲಿಸುವ ಕೆಚ್ಚೂ ಬೇಕು. ಆದರೆ ತಡೆಯುವುದು ಬೇರೆ, ತೀರ್ಪು ಕೊಡುವುದು ಬೇರೆ. ಆ ರಾಮನ್ ರಾಘವನಿಗೇ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿದ್ದರೂ, ವೈದ್ಯರು ಪರೀಕ್ಷಿಸಿ ಅವನದು ವಾಸಿಯಾಗದ ಮನೋರೋಗವೆಂದ ಮೇಲೆ ಹೈಕೋರ್ಟು 1987ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. 1995ರಲ್ಲಿ ಅವನು ಕೈದಿಯಾಗಿಯೇ ತೀರಿಕೊಂಡ. ಕಾನೂನು ನಿಧಾನ, ನಿಜ. ಆ ನಿಧಾನವೇ ಸಮಾಜ ತುಂಬಿಟ್ಟುಕೊಂಡ ಎರಡನೆಯ ಕೊಡ.

ತಂದೆಯವರು ಮರುರಾತ್ರಿಯೂ ಗಸ್ತಿಗೆ ಹೋದರು. ದೊಣ್ಣೆಯನ್ನು ಒಯ್ಯಲಿಲ್ಲ, ಬ್ಯಾಟರಿ ಮಾತ್ರ ಹಿಡಿದು ಹೋದರು.

ವರ್ಷಗಳ ಮೇಲೆ ಒಮ್ಮೆ, "ಆ ಹುಡುಗ ಕನ್ನಡದವನಾದದ್ದು ಪುಣ್ಯ, ಇಲ್ಲದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ" ಎಂದು ತಂದೆ ಹೇಳಿದರು. ಅಕ್ಕಿ ಆರಿಸುತ್ತಿದ್ದ ತಾಯಿ ತಲೆಯೆತ್ತಲಿಲ್ಲ. "ನಾನು ನೀರು ತುಂಬಿಕೊಂಡದ್ದು ಅವನ ಮಾತು ಕಿವಿಗೆ ಬೀಳೋಕೆ ಮುಂಚೆ" ಎಂದಳು.