ಆಸರೆ ಮತ್ತು ತಾಳ್ಮೆ

ಒಬ್ಬನಿಗೆ ಮೂಗಿನ ತುದಿಯಲ್ಲೇ ಕೋಪ, ಇನ್ನೊಬ್ಬಳು ಏನೇ ಬಂದರೂ ಸಹಿಸಿಕೊಳ್ಳುತ್ತಾಳೆ. ಎರಡನ್ನೂ ನಾವು ಹುಟ್ಟುಗುಣ ಎಂದು ಹೇಳಿ ಸುಮ್ಮನಾಗುತ್ತೇವೆ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ರೂಪಿಸಿದ ಅಟ್ಯಾಚ್‌ಮೆಂಟ್ ಸಿದ್ಧಾಂತ ಅಲ್ಲಿಗೇ ಸುಮ್ಮನಾಗುವುದಿಲ್ಲ. ಅಂದುಕೊಂಡದ್ದು ಆಗದಿದ್ದಾಗ ಮನುಷ್ಯ ಎಷ್ಟು ತಾಳಿಕೊಳ್ಳುತ್ತಾನೆ ಎಂಬುದರಲ್ಲಿ, ಕಷ್ಟಕ್ಕೆ ಕರೆದರೆ ಯಾರಾದರೂ ಬರುತ್ತಾರೆ ಎಂಬ ನಂಬಿಕೆಯ ಪಾಲೂ ಇದೆ ಎನ್ನುತ್ತದೆ ಅದು.

ಬೌಲ್ಬಿಯ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಉಗಾಂಡದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಗಮನಿಸಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಆಟಿಕೆಗಳಿರುವ ಕೋಣೆ, ವರ್ಷ ತುಂಬಿದ ಮಗು, ತಾಯಿ, ಒಬ್ಬ ಅಪರಿಚಿತೆ. ತಾಯಿ ಎದ್ದು ಹೊರಗೆ ಹೋಗುತ್ತಾಳೆ, ತುಸು ಹೊತ್ತಿಗೆ ಮರಳುತ್ತಾಳೆ. ಮಗು ಅತ್ತಿತೇ ಎನ್ನುವುದಕ್ಕಿಂತ, ತಾಯಿ ಬಂದ ಮೇಲೆ ಏನು ಮಾಡಿತು ಎಂಬುದೇ ಐನ್ಸ್‌ವರ್ತ್‌ಗೆ ಮುಖ್ಯವಾಗಿತ್ತು. ಭದ್ರ ಭಾವದ ಮಗು ಓಡಿಬಂದು ಎತ್ತಿಸಿಕೊಂಡು, ಅಳು ನಿಲ್ಲಿಸಿ, ಮತ್ತೆ ಆಟಿಕೆಗಳ ಕಡೆ ಹೋಯಿತು. ಇನ್ನೊಂದು ಮಗು ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಸಿಟ್ಟಿನಿಂದ ಕಾಲು ಝಾಡಿಸಿತು. ಮತ್ತೊಂದು, ತಾಯಿ ಬಂದದ್ದನ್ನು ಕಂಡೂ ಕಾಣದಂತೆ ಆಡುತ್ತಲೇ ಇತ್ತು. ಇಂಥ ಮಕ್ಕಳ ಎದೆಬಡಿತವೂ ಏರಿರುತ್ತದೆ ಎಂದು ಮುಂದೆ ಬೇರೆ ಸಂಶೋಧಕರು ಅಳೆದು ತೋರಿಸಿದರು.

1987ರಲ್ಲಿ ಸಿಂಡಿ ಹ್ಯಾಜನ್ ಮತ್ತು ಫಿಲಿಪ್ ಶೇವರ್ ಇವೇ ಮೂರು ರೀತಿಗಳನ್ನು ದೊಡ್ಡವರ ಪ್ರೀತಿಯಲ್ಲಿ ಗುರುತಿಸಿದರು. ಗಂಡ ಫೋನ್ ಎತ್ತಲಿಲ್ಲ ಎಂದುಕೊಳ್ಳಿ. ಒಬ್ಬಳು ‘ಕೆಲಸದಲ್ಲಿರಬೇಕು’ ಎಂದು ತನ್ನ ಪಾಡಿಗೆ ಇರುತ್ತಾಳೆ, ಸಂಜೆ ಬೇಸರವನ್ನು ನೇರವಾಗಿ ಹೇಳುತ್ತಾಳೆ. ಇನ್ನೊಬ್ಬಳು ಮೇಲಿಂದ ಮೇಲೆ ಕರೆ ಮಾಡುತ್ತಾಳೆ. ಫೋನ್ ಎತ್ತಿದ ಕೂಡಲೇ ಜಗಳ. ಮತ್ತೊಬ್ಬಳು ‘ನನಗೇನೂ ಅನಿಸಲಿಲ್ಲ’ ಎನ್ನುತ್ತಾಳೆ. ಈ ಮೂರನೆಯದನ್ನು ನಾವು ಬಹಳ ಸಲ ನಿರ್ಲಿಪ್ತತೆ ಎಂದು ಹೊಗಳುತ್ತೇವೆ. ನನಗೆ ಅದರಲ್ಲಿ ಆ ಎದೆಬಡಿತವೇ ಕೇಳಿಸುತ್ತದೆ.

ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಆಸರೆಯ ಮಾತನ್ನು ಮಿದುಳಿನವರೆಗೆ ಒಯ್ದಿತು. ಸ್ಕ್ಯಾನರ್‌ನೊಳಗೆ ಮಲಗಿದ 16 ವಿವಾಹಿತ ಮಹಿಳೆಯರಿಗೆ, ಸಣ್ಣ ವಿದ್ಯುತ್ ಆಘಾತ ಬರಬಹುದು ಎಂಬ ಸೂಚನೆ ಸಿಗುತ್ತಿತ್ತು. ಗಂಡನ ಕೈ ಹಿಡಿದಿದ್ದಾಗ ಮಿದುಳಿನಲ್ಲಿ ಬೆದರಿಕೆಯ ಪ್ರತಿಕ್ರಿಯೆ ತಗ್ಗಿತು; ಅಪರಿಚಿತರ ಕೈಯಿಂದ ಅಷ್ಟು ತಗ್ಗಲಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಗಂಡನ ಕೈಯಿಂದ ಸಿಕ್ಕ ನೆಮ್ಮದಿ ಹೆಚ್ಚು.

ಯಾರ ಹಂಗೂ ಇಲ್ಲದೆ ಬದುಕುವುದೇ ಗಟ್ಟಿತನ ಎಂಬ ಆದರ್ಶವನ್ನು ಈ ಸಿದ್ಧಾಂತ ಪ್ರಶ್ನಿಸುವುದು ಇಲ್ಲಿಯೇ. ಒರಗಲು ಜಾಗವಿದೆ ಎಂದು ಗೊತ್ತಿರುವವರು ಒಂಟಿಯಾಗಿ ಹೆಚ್ಚು ದೂರ ಹೋಗುತ್ತಾರೆ, ಸೋತರೂ ಇನ್ನೊಮ್ಮೆ ಕೈಹಾಕುತ್ತಾರೆ. ಅವರಿಗೂ ನಿರಾಸೆ ಆಗುತ್ತದೆ, ಸಿಟ್ಟು ಬರುತ್ತದೆ. ಆದರೆ ಒಂದು ‘ಇಲ್ಲ’ವನ್ನು ಅವರು ತಮ್ಮನ್ನೇ ತಳ್ಳಿಹಾಕಿದಂತೆ ಕೇಳಿಸಿಕೊಳ್ಳುವುದಿಲ್ಲ.

ಹಾಗಾದರೆ ಬಾಲ್ಯದಲ್ಲಿ ಆಸರೆ ಸಿಗದವರ ಪಾಡು? ಐನ್ಸ್‌ವರ್ತ್‌ರ ಶಿಷ್ಯೆ ಮೇರಿ ಮೇನ್, ತಂದೆತಾಯಿಯರನ್ನೇ ಕೂರಿಸಿಕೊಂಡು ಅವರ ಬಾಲ್ಯದ ಬಗ್ಗೆ ಕೇಳಿದರು. ಕಹಿ ಉಂಡವರಲ್ಲೂ ಕೆಲವರು ಅದನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ, ತಾಳಮೇಳ ತಪ್ಪದಂತೆ ಹೇಳಬಲ್ಲವರಾಗಿದ್ದರು. ಅಂಥವರ ಮಕ್ಕಳಲ್ಲಿ ಭದ್ರ ಭಾವ ಕಾಣುವ ಸಂಭವವೇ ಹೆಚ್ಚು.